ತೊಪ್ಪೂರು ಕಣಿವೆಯ ಈಚೆ ಆಚೆ

ಬೆಂಗಳೂರಿನಿಂದ ಸೇಲಂಗೆ ಬರುವವರು ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ದಾಟಿದ ಮೇಲೆ ತೊಪ್ಪೂರಿನ ಘಟ್ಟವನ್ನು ಇಳಿಯಬೇಕು. ನಮ್ಮ ಸಂಘದ ಕುಟುಂಬಗಳಲ್ಲಿ ಈ ಘಟ್ಟವನ್ನು ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಹತ್ತಿ ಇಳಿಯದವರು ವಿರಳ. ಮದುವೆಗೆ, ಮುಂಜಿಗೆ, ರಾಜ್ಯೋತ್ಸವಕ್ಕೆ ಭಾಷಣಕಾರರನ್ನು ಕರೆತರುವುದಕ್ಕೆ ನಮಗಿರುವ ದಾರಿ ಇದೊಂದೇ. ಧರ್ಮಪುರಿಯನ್ನು ತಗಡೂರೆಂದು ಕರೆಯುತ್ತಿದ್ದ ಕಾಲದಲ್ಲಿ ನೊಳಂಬರು ಇಲ್ಲಿ ಆಳಿ ಕನ್ನಡ ಶಾಸನಗಳನ್ನು ಬಿಟ್ಟುಹೋದರು. ಹೈದರ್, ಟಿಪ್ಪುವಿನ ಕಾಲದಲ್ಲಿ ಮೈಸೂರಿಗೆ ಸೇರಿದ್ದ ಈ ಬಾರಾಮಹಲು ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಂಗ್ಲಿಷರ ಪಾಲಾಯಿತು. ಕಣಿವೆಯ ಈ ಇತಿಹಾಸವನ್ನು ನಮ್ಮ ಸಂಚಿಕೆಗಳಲ್ಲಿ ಹಿರಿಯರು ಹಲವು ಸಲ ಬರೆದಿದ್ದಾರೆ. ನಾವು ಈ ಬಾರಿ ಬರೆಯಹೊರಟಿರುವುದು ಅದೇ ಕಣಿವೆಗೆ ಸಂಬಂಧಿಸಿದ, ಆದರೆ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಜಾಗ ಸಿಗದ ವಿಷಯವನ್ನು. ಅದು ಕುಡಿತದ ವಿಷಯ.

ಭಾರತದಲ್ಲಿ ಪಾನನಿರೋಧ ಕಾನೂನು ಮೊದಲು ಜಾರಿಗೆ ಬಂದದ್ದು ಇಲ್ಲಿಯೇ. 1937ರ ಜುಲೈಯಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಅದೇ ವರ್ಷದ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಹೆಂಡ, ಸಾರಾಯಿಗಳ ಅಂಗಡಿಗಳನ್ನು ಮುಚ್ಚಿಸಿದರು. ಆಗಿನ ಸೇಲಂ ಜಿಲ್ಲೆಯೆಂದರೆ ಇಂದಿನ ಧರ್ಮಪುರಿ, ಕೃಷ್ಣಗಿರಿಗಳೂ ಸೇರಿದ ದೊಡ್ಡ ಜಿಲ್ಲೆ. ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ರಾಜಾಜಿಯವರು ಹುಟ್ಟಿದ್ದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ವಕೀಲಿ ಮಾಡಿದ್ದು ಸೇಲಂನಲ್ಲಿ. ಈ ಜಿಲ್ಲೆಯ ನೇಕಾರರ ಕೇರಿಯನ್ನೂ ಕೂಲಿಕಾರರ ಕೇರಿಯನ್ನೂ ಅವರು ಕಣ್ಣಾರೆ ಕಂಡವರು. ತಿರುಚೆಂಗೋಡಿನ ಬಳಿಯ ಗಾಂಧಿ ಆಶ್ರಮದಲ್ಲಿದ್ದಾಗ ಪಾನನಿರೋಧದ ಪ್ರಚಾರಕ್ಕೆಂದೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ಹೊರಡಿಸಿದ್ದರು. ಅಬಕಾರಿಯಿಂದ ಬರುತ್ತಿದ್ದ ಹಣ ಪ್ರಾಂತ್ಯದ ವರಮಾನದಲ್ಲಿ ಸುಮಾರು ಕಾಲುಭಾಗ. ಅದು ಕೈತಪ್ಪಿದರೆ ತುಂಬುವುದೆಂತು ಎಂಬ ಪ್ರಶ್ನೆಗೆ ಉತ್ತರವಾಗಿ 1939ರಲ್ಲಿ ಮಾರಾಟ ತೆರಿಗೆಯನ್ನು ತಂದರು. ಇಂದು ನಾವು ಅಂಗಡಿಯಲ್ಲಿ ಸೋಪು ಕೊಂಡು ಕೊಡುವ ತೆರಿಗೆಯ ವಂಶವೃಕ್ಷವನ್ನು ಹುಡುಕಿದರೆ ಸೇಲಂನ ಹೆಂಡದಂಗಡಿಯ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ.

ನಮ್ಮ ಅಜ್ಜಿ ಆ ವರ್ಷವನ್ನು ‘ಅಂಗಡಿ ಮುಚ್ಚಿದ ವರ್ಷ’ ಎಂದೇ ಕರೆಯುತ್ತಿದ್ದರು. ಮನೆಯ ಹುಟ್ಟು, ಸಾವು, ಮದುವೆಗಳನ್ನು ಅದರ ಹಿಂದೆ ಎರಡು ವರ್ಷ, ಮುಂದೆ ಮೂರು ವರ್ಷ ಎಂದು ಲೆಕ್ಕ ಹಾಕುತ್ತಿದ್ದರು. ಆಗಷ್ಟೇ ಮದುವೆಯಾಗಿ ಗುಗೈ ಪೇಟೆಯ ನೇಕಾರರ ಮನೆಗೆ ಬಂದಿದ್ದ ಅವರಿಗೆ, ಶನಿವಾರ ಸಂಜೆ ಕೂಲಿ ಬಟವಾಡೆಯಾದ ಮೇಲೆ ಮಾವನವರು ದೀಪ ಹಚ್ಚುವ ಹೊತ್ತಿಗೇ ಮನೆಗೆ ಬಂದದ್ದು ಒಂದು ಆಶ್ಚರ್ಯದಂತೆ ನೆನಪಿತ್ತು. ಮದರಾಸು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಪಿ. ಜೆ. ಥಾಮಸ್ ಅವರು ಸೇಲಂ ಜಿಲ್ಲೆಯ ಪಾನನಿರೋಧದ ಆರ್ಥಿಕ ಪರಿಣಾಮಗಳನ್ನು ಪರಿಶೀಲಿಸಿ ವರದಿ ಬರೆದರು. ಅದರ ಅಂಕಿಗಳಿಗಿಂತ ಅಜ್ಜಿಯ ಆ ದೀಪದ ಹೊತ್ತೇ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. ಆದರೆ ಅಜ್ಜಿ ಇನ್ನೊಂದು ಮಾತನ್ನೂ ಹೇಳುತ್ತಿದ್ದರು. ಹೊಸೂರಿನ ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿ ಅಂಗಡಿಗಳು ತೆರೆದೇ ಇದ್ದವು, ಹೋಗುವ ಕಾಲು ಹೋಗಿಯೇ ಹೋಗುತ್ತಿತ್ತು.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. ಯುದ್ಧಕಾಲದಲ್ಲಿ ಕಾನೂನನ್ನು ತಡೆಹಿಡಿಯಲಾಯಿತು. 1948ರ ಗಾಂಧಿ ಜಯಂತಿಯಂದು ಅದು ಇಡೀ ಪ್ರಾಂತ್ಯಕ್ಕೆ ಹರಡಿತು. 1971ರಲ್ಲಿ ಸಡಿಲವಾಗಿ 1974ರಲ್ಲಿ ಮತ್ತೆ ಬಿಗಿಯಾಯಿತು. 1983ರಲ್ಲಿ ಟಾಸ್ಮಾಕ್ ಎಂಬ ಸರ್ಕಾರಿ ನಿಗಮ ಹುಟ್ಟಿತು, 2003ರಿಂದ ಚಿಲ್ಲರೆ ಮಾರಾಟವೂ ಅದರದೇ ಆಯಿತು. 2023–24ರಲ್ಲಿ ಆ ನಿಗಮದಿಂದ ತಮಿಳುನಾಡಿಗೆ ಬಂದ ವರಮಾನ 45 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಬಾಟಲಿಯ ಮೇಲೆ ಮಾತ್ರ, ಮದ್ಯವು ನಾಡಿಗೆ, ಮನೆಗೆ, ಜೀವಕ್ಕೆ ಕೇಡು ಎಂದು ತಮಿಳಿನಲ್ಲಿ ಅಚ್ಚಾಗಿರುತ್ತಿತ್ತು. ಕರ್ನಾಟಕವೇನೂ ಹಿಂದೆ ಬಿದ್ದಿಲ್ಲ. ಅಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂದಿತು. ಮರುವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳ ಗಡಿಸೀಮೆಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಗಡಿಯ ಎರಡೂ ಕಡೆಯವರು.

ಇಂತಹ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್. ನೋಟಕ್ಕೂ ವಾಸನೆಗೂ ಅದು ಮದ್ಯಸಾರದಂತೆಯೇ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಶರೀರವು ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಆಮ್ಲ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತಾಗ ರೋಗಿಗಳಲ್ಲಿ ಅನೇಕರನ್ನು ಸೇಲಂನ ಸರ್ಕಾರಿ ಆಸ್ಪತ್ರೆಗೆ ತಂದಿದ್ದರು. ಸತ್ತವರ ಪೈಕಿ ಹೆಚ್ಚಿನವರು ದಿನಗೂಲಿಯವರು. ಇವರು ಏಕೆ ಕುಡಿದರು ಎಂಬ ಪ್ರಶ್ನೆ ಆಗ ಎಲ್ಲರ ಬಾಯಲ್ಲೂ ಇತ್ತು. ಏಕೆ ನಿಲ್ಲಿಸಲಾಗಲಿಲ್ಲ ಎಂದು ಕೇಳಿದವರು ಕಡಿಮೆ.

ಆ ಎರಡನೆಯ ಪ್ರಶ್ನೆ ನಮ್ಮ ಮನೆಗೆ ಸಂಬಂಧಿಸಿದ್ದು. ನಮ್ಮ ಚಿಕ್ಕಪ್ಪನವರು ಮಗ್ಗ ಬಿಟ್ಟು ಲಾರಿ ಹಿಡಿದವರು. ವಿದ್ಯುತ್ ಮಗ್ಗಗಳು ಬಂದು ಕೈಮಗ್ಗದ ಕೂಲಿ ಕುಸಿದ ಮೇಲೆ ಸಂಕಗಿರಿಯ ಒಬ್ಬ ಮಾಲೀಕರಲ್ಲಿ ಚಾಲಕರಾಗಿ ಸೇರಿ, ಇಪ್ಪತ್ತೆರಡು ವರ್ಷ ಸೇಲಂ–ಬೆಂಗಳೂರು ದಾರಿಯಲ್ಲಿ ಸಬ್ಬಕ್ಕಿಯ ಮೂಟೆಗಳನ್ನು ಸಾಗಿಸಿದರು. ತೊಪ್ಪೂರು ಘಟ್ಟ ಅವರಿಗೆ ಅಂಗೈಯ ರೇಖೆ. ಡೀಸೆಲ್ ಉಳಿಸುವ ಆಸೆಗೆ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಲಾರಿಯನ್ನು ಉರುಳಲು ಬಿಡುವ ಚಾಲಕರನ್ನು ಅವರು ಬಾಯಿತುಂಬ ಬೈಯುತ್ತಿದ್ದರು. ಬ್ರೇಕು ಕಾದು ಹಿಡಿತ ತಪ್ಪಿದರೆ ಜೋಡಿ ಸೇತುವೆಯ ಹತ್ತಿರ ಯಾವ ದೇವರೂ ಅಡ್ಡ ಬರುವುದಿಲ್ಲ ಎನ್ನುತ್ತಿದ್ದರು. ಗಾಡಿ ಓಡಿಸುವಾಗ ಕುಡಿಯಬಾರದೆಂಬ ನೇಮವನ್ನು ಬಹುಕಾಲ ಕಾಪಾಡಿಕೊಂಡು ಬಂದರು. ಟ್ರಿಪ್ಪು ಮುಗಿದು ಸರಕು ಇಳಿಸಿದ ಮೇಲೆ, ಬೆನ್ನುನೋವು ಮರೆತು ನಿದ್ದೆ ಬರಲೆಂದು ಒಂದು ಕ್ವಾರ್ಟರ್. ಅದು ಎರಡಾಯಿತು. ಕೊನೆಗೆ ಬೆಳಿಗ್ಗೆ ಕೈ ನಡುಗುವುದು ನಿಲ್ಲಬೇಕಾದರೆ ಒಂದು ಗುಟುಕು ಬೇಕಾಯಿತು. ಆ ದಿನದಿಂದ ಮಾಲೀಕರು ಅವರ ಕೈಗೆ ಬೀಗದಕೈ ಕೊಡಲಿಲ್ಲ.

ಕೈ ಏಕೆ ನಡುಗುತ್ತದೆ ಎಂಬುದನ್ನು ನಾವು ಬಹಳ ತಡವಾಗಿ ವೈದ್ಯರಿಂದ ಕೇಳಿ ತಿಳಿದೆವು. ಮದ್ಯ ಮೆದುಳಿನ ಚಟುವಟಿಕೆಯನ್ನು ಮಂದಗೊಳಿಸುತ್ತದೆ. ದಿನವೂ ಹೀಗಾದರೆ ಮೆದುಳು ಅದಕ್ಕೆ ಸರಿಗಟ್ಟುವಂತೆ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಹೊಸ ಸಮತೋಲಕ್ಕೆ ಬರುತ್ತದೆ. ಆದ್ದರಿಂದಲೇ ಮೊದಲಿನಷ್ಟು ಕುಡಿದರೆ ಅಮಲೇರುವುದಿಲ್ಲ. ಇಂತಹ ಮನುಷ್ಯನಿಂದ ಮದ್ಯವನ್ನು ಒಮ್ಮೆಲೇ ಕಿತ್ತುಕೊಂಡರೆ ಮಂದಗೊಳಿಸುವ ಭಾರ ಹೋಗಿ ಉದ್ರೇಕವಷ್ಟೇ ಉಳಿಯುತ್ತದೆ. ಕೆಲವು ಗಂಟೆಗಳಲ್ಲಿ ನಡುಕ, ಬೆವರು. ಒಂದೆರಡು ದಿನಗಳೊಳಗೆ ಅಪಸ್ಮಾರದಂತಹ ಸೆಳವು ಬರಬಹುದು. ಎರಡು ಮೂರು ದಿನಗಳ ಮೇಲೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಚಿಕಿತ್ಸೆಯಿಲ್ಲದೆ ಹೋದರೆ ಆ ಸನ್ನಿ ಪ್ರಾಣವನ್ನೂ ತೆಗೆಯಬಲ್ಲದು. ಕುಡಿತವನ್ನು ಬಿಡುವುದರಿಂದ ಮನುಷ್ಯ ಸಾಯಬಹುದೆಂಬ ಸಂಗತಿಯನ್ನು ನಮ್ಮ ಕೇರಿಯಲ್ಲಿ ಯಾರಾದರೂ ಹೇಳಿದ್ದರೆ ಜನ ಅದನ್ನು ಕುಡುಕರ ನೆವವೆಂದೇ ತಿಳಿಯುತ್ತಿದ್ದರು.

ನಮ್ಮ ಸೀಮೆಯಲ್ಲಿ ಕುಡಿತ ಬಿಡಿಸಲು ದೇವಸ್ಥಾನಕ್ಕೆ ಕರೆದೊಯ್ದು ಕೈಗೆ ಹರಕೆಯ ದಾರ ಕಟ್ಟಿಸುವ ರೂಢಿಯಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ದಾರಕ್ಕೆ ಹೆದರಿ, ದೇವರಿಗೆ ಹೆದರಿ ಬಿಟ್ಟವರೂ ಇದ್ದಾರೆ. ಮನೆಯ ಹಿರಿಯರು ಒಂದು ಮಂಗಳವಾರ ಚಿಕ್ಕಪ್ಪನವರಿಗೂ ದಾರ ಕಟ್ಟಿಸಿದರು. ಅವರು ಮಾತು ಉಳಿಸಿಕೊಂಡರು. ಅಂದಿನಿಂದ ಒಂದು ಹನಿಯನ್ನೂ ಮುಟ್ಟಲಿಲ್ಲ. ಶುಕ್ರವಾರ ರಾತ್ರಿ ಗೋಡೆಯ ತುಂಬ ಇರುವೆಗಳು ಹರಿಯುತ್ತಿವೆಯೆಂದು ಎದ್ದು ಕುಳಿತರು. ಆಮೇಲೆ ಮಂಚದ ಅಂಚಿನಲ್ಲಿ ಕುಳಿತೇ ಲಾರಿ ಓಡಿಸತೊಡಗಿದರು. ಎರಡು ಕೈಗಳಲ್ಲಿ ಸ್ಟೇರಿಂಗು ತಿರುಗಿಸುತ್ತ, ಬಲಗಾಲಿನಿಂದ ನೆಲವನ್ನು ಒತ್ತುತ್ತ, “ಬ್ರೇಕು ಹಿಡೀತಿಲ್ಲ, ಮುಂದಿನ ಬಸ್ಸಿನಲ್ಲಿ ಮಕ್ಕಳಿದಾರೆ, ದಾರಿ ಬಿಡ್ರೋ” ಎಂದು ಕೂಗಿದರು. ಅವರ ಕಾಲಿನ ಹೆಬ್ಬೆರಳು ನೆಲಕ್ಕೆ ತಿಕ್ಕಿ ರಕ್ತ ಬಂದಿತ್ತು. ಆ ರಾತ್ರಿ ಅವರು ತೊಪ್ಪೂರು ಘಟ್ಟವನ್ನು ಎಷ್ಟು ಬಾರಿ ಇಳಿದರೋ ಲೆಕ್ಕವಿಲ್ಲ. ಸನ್ನಿಯಲ್ಲಿರುವ ರೋಗಿ ತನ್ನ ಕಸುಬನ್ನೇ ಅಭಿನಯಿಸುವುದುಂಟೆಂದು, ನೇಕಾರನಾದರೆ ಮಗ್ಗ ತುಳಿಯುತ್ತಾನೆ, ದರ್ಜಿಯಾದರೆ ಬಟ್ಟೆ ಹೊಲಿಯುತ್ತಾನೆ ಎಂದು ಆಮೇಲೆ ವೈದ್ಯರೊಬ್ಬರು ಹೇಳಿದರು. ಮನೆಯವರ ಕಣ್ಣಿಗೆ ಅಂದು ಅದು ದೇವರ ಮುನಿಸಾಗಿತ್ತು. ಚಿಕ್ಕಮ್ಮನವರು ಮಾತ್ರ ದಾರವನ್ನು ಬಿಚ್ಚಲೂ ಇಲ್ಲ, ಕಾಯಲೂ ಇಲ್ಲ, ಆಟೋ ತರಿಸಿದರು.

ಮೊದಲು ಹೋದ ಖಾಸಗಿ ಆಸ್ಪತ್ರೆಯಲ್ಲಿ ಒಂದು ಬಾಟಲಿ ಗ್ಲೂಕೋಸು ಏರಿಸಿ, ಕುಡುಕರಿಗೆ ಹಾಸಿಗೆ ಇಲ್ಲವೆಂದು ಕಳುಹಿಸಿದರು. ಬೆಳಗಿನ ಜಾವ ಸರ್ಕಾರಿ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ತರುಣ ವೈದ್ಯೆಯೊಬ್ಬರು ಕೇಳಿದ ಮೊದಲ ಪ್ರಶ್ನೆ, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬುದು. ಥಯಾಮಿನ್ ಎಂಬ ಜೀವಸತ್ವದ ಚುಚ್ಚುಮದ್ದು ಕೊಟ್ಟು, ಉದ್ರೇಕವನ್ನು ಇಳಿಸುವ ಔಷಧವನ್ನು ದಿನದಿನಕ್ಕೆ ತಗ್ಗಿಸುತ್ತ ಬಂದರು. ಮದ್ಯವ್ಯಸನಿಗಳಲ್ಲಿ ಥಯಾಮಿನ್ ಬತ್ತಿಹೋಗಿರುತ್ತದೆ. ಅದನ್ನು ತುಂಬದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಕೆಡಬಹುದು. ಒಂಬತ್ತನೆಯ ದಿನ ಚಿಕ್ಕಪ್ಪ ಎದ್ದು ಕುಳಿತು ಇಡ್ಲಿ ತಿಂದರು.

ಅಲ್ಲಿಗೆ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು. ನಾಲ್ಕು ತಿಂಗಳಿಗೆ ಮತ್ತೆ ಕುಡಿದರು. ಒಮ್ಮೆ ಪೂರ್ತಿ ಬಿಟ್ಟವನು ಮತ್ತೇಕೆ ಹಿಡಿಯಬೇಕು? ಈ ಪ್ರಶ್ನೆಯನ್ನು ಎದುರಿಸದ ವ್ಯಸನಿಯ ಮನೆ ಇರಲಾರದು. ಶರೀರದ ನಡುಕ ಹತ್ತು ದಿನಗಳಲ್ಲಿ ಇಳಿಯುತ್ತದೆ. ಮೆದುಳು ಕಲಿತ ಪಾಠ ಅಷ್ಟು ಬೇಗ ಅಳಿಯುವುದಿಲ್ಲ. ಸಂಜೆ ಏಳು ಗಂಟೆ, ಸ್ನೇಹಿತನ ಕೂಗು, ಡೀಸೆಲ್ಲಿನ ವಾಸನೆ, ಯಾವುದೂ ಆ ಹಂಬಲವನ್ನು ಎಬ್ಬಿಸಬಲ್ಲದು. ಸಕ್ಕರೆ ಕಾಯಿಲೆಯವರು ಪಥ್ಯ ತಪ್ಪಿದಾಗ ನಾವು ಅವರನ್ನು ನೀತಿಗೆಟ್ಟವರೆನ್ನುವುದಿಲ್ಲ. ಔಷಧ ಬದಲಿಸಿ ಎನ್ನುತ್ತೇವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ಪರಿಭಾಷೆಯಲ್ಲಿಯೇ ಸೇರಿಸಿದೆ. ಕಾನೂನು ಅಷ್ಟು ದೂರ ಬಂದಿದ್ದರೂ ನೆಂಟರ ಪಡಸಾಲೆ ಇನ್ನೂ ಅಲ್ಲಿಗೆ ಬಂದಿಲ್ಲ.

ಕನ್ನಡದಲ್ಲಿ ‘ವ್ಯಸನ’ ಎಂಬ ಮಾತಿಗೆ ಚಟವೆಂಬ ಅರ್ಥವೂ ಇದೆ, ದುಃಖವೆಂಬ ಅರ್ಥವೂ ಇದೆ. ಸಪ್ತವ್ಯಸನಗಳನ್ನು ಎಣಿಸಿದ ನಮ್ಮ ಪೂರ್ವಿಕರು ಮೊದಲನೆಯ ಅರ್ಥವನ್ನು ಹಿಡಿದರು. ಮಗ ತೀರಿಹೋದ ಮನೆಯಲ್ಲಿ ವ್ಯಸನಪಡಬೇಡಿ ಎನ್ನುವ ನಮ್ಮ ಅಜ್ಜಿಯರು ಎರಡನೆಯದನ್ನು. ತಮಿಳಿನಲ್ಲಿ ಕುಡಿ ಎಂದರೆ ಕುಡಿತವೂ ಹೌದು, ಕುಟುಂಬವೂ ಹೌದು. ಕುಡಿಯು ಕುಡಿಯನ್ನು ಕೆಡಿಸುತ್ತದೆಂಬ ಗಾದೆ ಅಲ್ಲಿ ಗೋಡೆಗೋಡೆಯ ಮೇಲಿದೆ. ಎರಡೂ ನುಡಿಗಳ ನಡುವೆ ಬದುಕುವ ನಮಗೆ ವಂಶದ ಕುಡಿ ಎಂಬ ಮಾತೂ ಅದರೊಂದಿಗೇ ನೆನಪಾಗುತ್ತದೆ.

ಚಿಕ್ಕಪ್ಪನವರ ವಿಷಯ ಒಂದು ಮನೆಯದಷ್ಟೇ ಅಲ್ಲವೆಂಬುದಕ್ಕೆ ಅಂಕಿಗಳಿವೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಅದರಿಂದ ಹಾನಿ ತಗುಲಿದೆ ಅಥವಾ ಅವಲಂಬನೆ ಬೆಳೆದಿದೆ. ಅವಲಂಬಿತರಾದವರಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಚಿಕ್ಕಮ್ಮನವರು ಆ ರಾತ್ರಿ ಆಟೋ ಕರೆಸದಿದ್ದರೆ ಎಂದು ಯೋಚಿಸಿದಾಗಲೆಲ್ಲ ನಮಗೆ ಆ 180 ನೆನಪಿಗೆ ಬರುತ್ತದೆ.

ಇನ್ನು ಮದ್ಯದಾಚೆಯ ಮಾದಕ ವಸ್ತುಗಳು. ಇವುಗಳ ಬಗ್ಗೆ ನಮಗಿಂತ ನಮ್ಮ ಮಕ್ಕಳಿಗೆ ಹೆಚ್ಚು ಗೊತ್ತು. ತಮಿಳುನಾಡಿನಲ್ಲಿ 2013ರಿಂದ ನಿಷಿದ್ಧವಾದ ಗುಟ್ಕಾ ಬೆಂಗಳೂರಿನಿಂದ ಇದೇ ಘಟ್ಟ ಇಳಿದು ಬರುವಾಗ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಕರ್ನಾಟಕದ ಅಗ್ಗದ ಮದ್ಯದ ಪೊಟ್ಟಣಗಳೂ ಅದೇ ದಾರಿಯವು. ಗಾಂಜಾ, ನೋವುನಿವಾರಕ ಮಾತ್ರೆಗಳು ಕಾಲೇಜಿನ ಆವರಣದವರೆಗೂ ಬಂದಿವೆ. 1985ರ ಮಾದಕ ವಸ್ತು ಕಾಯ್ದೆ ಸಾಗಿಸುವವನನ್ನು ಹಿಡಿಯುತ್ತದೆ. ಹಾಸ್ಟೆಲ್ಲಿನ ಕೋಣೆಯಲ್ಲಿ ಒಂಟಿಯಾಗಿ ಕುಳಿತ ಹುಡುಗನನ್ನು ಮೊದಲು ಗುರುತಿಸಬೇಕಾದವರು ಬೇರೆ.

ರಸ್ತೆಯ ಬದಿಯ ಅಂಗಡಿಗಳ ಮಾತೂ ಇದೆ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದಿತು. ಆ ಮೊಕದ್ದಮೆ ಹೊರಟದ್ದೂ ತಮಿಳುನಾಡಿನಿಂದಲೇ. ಮರುವರ್ಷದ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಂಗಡಿಗಳು ಮುಚ್ಚಿದವು. ಆಮೇಲೆ ಅವುಗಳಲ್ಲಿ ಅನೇಕ ಊರೊಳಗೆ ನುಗ್ಗಲು ನೋಡಿದಾಗ ಹೆಂಗಸರು ಬೀದಿಗಿಳಿದರು. ಕರ್ನಾಟಕದಲ್ಲಿಯೂ 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಪಾನನಿರೋಧ ಬೇಕೇ ಬೇಡವೇ ಎಂಬ ಚರ್ಚೆ ಬಂದಾಗ ನಾವು ಆ ಹೆಂಗಸರ ಪಕ್ಷವನ್ನು ಬಿಟ್ಟುಕೊಡಲಾರೆವು. ಅಂಗಡಿ ದೂರವಾದಷ್ಟೂ ಹೊಸಬ ಕಲಿಯುವುದು ಕಡಿಮೆ. ಈಗಾಗಲೇ ಬಿದ್ದವನಿಗೆ ಮಾತ್ರ ಅಂಗಡಿ ಮುಚ್ಚುವುದೇ ಚಿಕಿತ್ಸೆಯಾಗದು. ಅವನಿಗೆ ಹಾಸಿಗೆ ಬೇಕು, ವೈದ್ಯರು ಬೇಕು, ಆಮೇಲಿನ ಸಂಜೆಗಳನ್ನು ಕಳೆಯಲು ಜೊತೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ಮೇಲೆ ಅವರ ಹೆಸರಿನಲ್ಲಿಯೇ 1980ರಲ್ಲಿ ಚಿಕಿತ್ಸಾ ಸಂಸ್ಥೆ ತೆರೆದರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತು. ಹಗಲಿರುಳು ದೊರೆಯುವ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಚಿಕ್ಕಪ್ಪನವರು ಎರಡನೆಯ ಬಾರಿ ಆಸ್ಪತ್ರೆಯಿಂದ ಬಂದ ಮೇಲೆ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಹೋಗತೊಡಗಿದರು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು, ಅದರಲ್ಲೊಬ್ಬರು ವೈದ್ಯರು, ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಕೂಟ ಅದು. ಅಲ್ಲಿ ಫೀಜಿಲ್ಲ, ಮನೆತನದ ವಿಚಾರಣೆಯಿಲ್ಲ. ಚಿಕ್ಕಪ್ಪ ಹೋಗುತ್ತಿದ್ದದ್ದು ಒಂದು ಚರ್ಚಿನ ಹಿಂಬದಿಯ ಕೋಣೆಗೆ. ಎಲ್ಲರೂ ತಮಿಳಿನಲ್ಲಿ ಮಾತನಾಡುತ್ತಿದ್ದರು, ಇವರೂ ಹಾಗೆಯೇ. ಒಂದು ದಿನ ಮಾತಿನ ನಡುವೆ ತಿಳಿಯದೆ ಕನ್ನಡಕ್ಕೆ ಹೊರಳಿ ಹತ್ತು ನಿಮಿಷ ಮಾತನಾಡಿದರಂತೆ. ಯಾರೂ ತಡೆಯಲಿಲ್ಲವಂತೆ. ಮನೆಗೆ ಬಂದು, “ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು” ಎಂದು ನಕ್ಕರು.

ಈಗ ಅವರು ಕುಡಿಯದೆ ಏಳು ವರ್ಷ ದಾಟಿದೆ. ಕಳೆದ ವರ್ಷ ಅವರ ಮಗಳಿಗೆ ಸಂಬಂಧ ಹುಡುಕುವಾಗ ತಂದೆಯ ಹಿಂದಿನ ವಿಷಯವನ್ನು ಹೇಳಬೇಕೇ ಎಂಬ ಪ್ರಶ್ನೆ ಬಂದಿತು. ಏಳು ವರ್ಷದ ಹಿಂದಿನ ಮಾತು, ಯಾರು ಕೇಳುತ್ತಾರೆ ಎಂದರು ನೆಂಟರು. ಹೇಳಿಯೇ ಮಾತು ಮುಂದುವರಿಸಬೇಕೆಂದು ಚಿಕ್ಕಮ್ಮ ಪಟ್ಟು ಹಿಡಿದರು. ಧರ್ಮಪುರಿಯ ಮೊದಲ ಮನೆಯವರು ಬಹಳ ಮರ್ಯಾದೆಯಿಂದ ಕಾಫಿ ಕುಡಿದು, ಜಾತಕ ಕೂಡಲಿಲ್ಲವೆಂದು ಆಮೇಲೆ ತಿಳಿಸಿದರು. ಹುಡುಗಿ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಹೊಸೂರಿನ ಮನೆಯವರು ಬಂದಾಗ ಚಿಕ್ಕಪ್ಪನವರೇ ಎದ್ದು ನಿಂತು ವಿಷಯ ಹೇಳಿದರು. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ವರನ ತಂದೆ ಚಪ್ಪಲಿ ಹಾಕಿಕೊಳ್ಳುವ ನೆವದಲ್ಲಿ ಚಿಕ್ಕಪ್ಪನವರನ್ನು ಜಗಲಿಗೆ ಕರೆದು, “ಯಜಮಾನ್ರೇ, ನಮ್ಮ ತಮ್ಮ ಒಬ್ಬ ಇದಾನೆ” ಎಂದರು. ಲಗ್ನದ ದಿನ ಗೊತ್ತುಮಾಡುವುದಕ್ಕೆ ಮೊದಲೇ ಆ ತಮ್ಮನನ್ನು ಕರೆದುಕೊಂಡು ಮೂವರೂ ಸೇಲಂ ಬಸ್ಸಿನಲ್ಲಿ ಘಟ್ಟ ಇಳಿದು ಬಂದರು. ಆಸ್ಪತ್ರೆಯ ಚೀಟಿಯಲ್ಲಿ ರೋಗಿಯ ಜೊತೆಗಾರರ ಹೆಸರಿನ ಜಾಗದಲ್ಲಿ ಚಿಕ್ಕಪ್ಪನವರ ಹೆಸರಿದೆ.